ದಿನದ ಗಲ್ಲಾ, ವರ್ಷದ ಲೆಕ್ಕ

ಬೆಂಗಳೂರಿನ ಸುಬ್ರಹ್ಮಣ್ಯಪುರ ಮುಖ್ಯರಸ್ತೆಯಲ್ಲಿ ಬೆಳಿಗ್ಗೆ ಶಟರ್ ಎತ್ತುವವರಲ್ಲಿ ಹೆಚ್ಚಿನವರು ಯಾರ ಕೈಕೆಳಗೂ ಇಲ್ಲದವರು. ಹಾಸನದ ಕಡೆಯಿಂದ ಬಂದು ಬೇಕರಿ, ಕಾಂಡಿಮೆಂಟ್ಸ್ ಇಟ್ಟವರು, ಜೆರಾಕ್ಸ್ ಅಂಗಡಿಯವರು, ಬ್ಲೌಸ್ ಹೊಲಿಯುವವರು, ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಕಾಯುವ ಆಟೊದವರು. ವ್ಯಾಪಾರ ಹೇಗಿದೆ ಎಂದು ಕೇಳಿ ನೋಡಿ, ಉತ್ತರ ಯಾವಾಗಲೂ ಇವತ್ತಿನದೇ. ‘ಇನ್ನೂ ಬೋಣಿ ಆಗಿಲ್ಲ ಸರ್’, ‘ಇವತ್ತು ಪರವಾಗಿಲ್ಲ’, ‘ತಿಂಗಳ ಕೊನೆ ಅಲ್ವಾ, ಡಲ್ಲು’. ಹೋದ ವರ್ಷ ಹೇಗಿತ್ತು ಎಂದರೆ ಮಾತ್ರ ತುಸು ತಡವರಿಸುತ್ತಾರೆ.

ಸ್ವಂತ ದುಡಿಮೆಗೆ ಇಳಿಯುವವರಿಗೆ ನಾವು ಧೈರ್ಯದ ಪಾಠ ಹೇಳುತ್ತೇವೆ. ಧೈರ್ಯ ಬೇಕಾಗುವುದು ಅಡ್ವಾನ್ಸ್ ಕೊಟ್ಟು ಅಂಗಡಿ ಹಿಡಿಯುವ ದಿನ. ಆಮೇಲೆ ಕಾಡುವುದು ಬೇರೆಯದೇ ತೊಡಕು. ಗಲ್ಲಾ ತುಂಬುವುದು ದಿನದ ಲೆಕ್ಕದಲ್ಲಿ. ಬಾಡಿಗೆ, ಸ್ಕೂಲ್ ಫೀಸು, ಸಾಲದ ಕಂತು ಬರುವುದು ತಿಂಗಳ, ವರ್ಷದ ಲೆಕ್ಕದಲ್ಲಿ. ಮನಸ್ಸು ಮೊದಲನೆಯದಕ್ಕೆ ಅಂಟಿಕೊಂಡುಬಿಡುತ್ತದೆ.

ಆಟೊದವರನ್ನೇ ನೋಡಿ. 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಮೊದಲ ಎರಡು ಕಿಲೋಮೀಟರ್‌ಗೆ 36 ರೂಪಾಯಿ, ಅಲ್ಲಿಂದಾಚೆ ಕಿಲೋಮೀಟರ್‌ಗೆ 18 ರೂಪಾಯಿ ಎಂಬುದು ಮೀಟರ್ ದರ. ಈ ದರದಲ್ಲಿ ದುಡಿಯುವ ಹಲವು ಚಾಲಕರು ಮನಸ್ಸಿನಲ್ಲೇ ದಿನಕ್ಕೊಂದು ಮೊತ್ತ ಗೊತ್ತುಮಾಡಿಕೊಳ್ಳುತ್ತಾರೆ: ಇಷ್ಟಾದರೆ ಮನೆಗೆ. ನ್ಯೂಯಾರ್ಕಿನ ಟ್ಯಾಕ್ಸಿ ಚಾಲಕರ ದಾಖಲೆಗಳನ್ನು ಜಾಲಾಡಿ ಅರ್ಥಶಾಸ್ತ್ರಜ್ಞರಾದ ಕಾಲಿನ್ ಕ್ಯಾಮರರ್, ರಿಚರ್ಡ್ ಥೇಲರ್ ಮತ್ತು ಸಂಗಡಿಗರು 1997ರಲ್ಲಿ ಕಂಡದ್ದೂ ಇದನ್ನೇ. ಗಂಟೆಗೆ ಹೆಚ್ಚು ಹುಟ್ಟುವ ದಿನ ಚಾಲಕರು ಬೇಗ ಮನೆಗೆ ಹೋಗುತ್ತಿದ್ದರು. ಗಿರಾಕಿಯೇ ಇಲ್ಲದ ದಿನ ಗುರಿ ಮುಟ್ಟಲೆಂದು ರಾತ್ರಿಯವರೆಗೂ ಅಲೆಯುತ್ತಿದ್ದರು. ದುಡ್ಡು ಸುಲಭವಾಗಿ ಸಿಗುವಾಗ ಕಡಿಮೆ ದುಡಿಮೆ, ಸಿಗದಿದ್ದಾಗ ಹೆಚ್ಚು. ಆ ಅಧ್ಯಯನವನ್ನು ಹೆನ್ರಿ ಫಾರ್ಬರ್ ಎಂಬ ಅರ್ಥಶಾಸ್ತ್ರಜ್ಞ ಮುಂದೆ ಪ್ರಶ್ನಿಸಿದರು. ನುರಿತ ಚಾಲಕರು ಹಾಗೆ ಮಾಡುವುದಿಲ್ಲ ಎಂದರು. ಹಾಗಿದ್ದರೆ ದಿನದ ಗುರಿಯ ಹಟ ಅನುಭವದಿಂದ ಸಡಿಲವಾಗುವಂಥದ್ದು, ಅಂದರೆ ಕಲಿತು ಬಿಡಬಹುದಾದದ್ದು ಎಂದಾಯಿತು.

ದಿನಕ್ಕೆ ಅಂಟಿಕೊಂಡ ಈ ಮನಸ್ಸನ್ನು ಬೈಯದೆ, ಅದನ್ನೇ ಉಪಾಯವಾಗಿ ಬಳಸಿಕೊಂಡವರು ನಮ್ಮ ಕರಾವಳಿಯವರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಡಾ. ಟಿ.ಎಂ.ಎ. ಪೈ ಮತ್ತು ಜೊತೆಗಾರರ ಆ ಯೋಜನೆಯಲ್ಲಿ ಏಜೆಂಟರು ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ತಿಂಗಳ ಕೊನೆಗೆ ಉಳಿಸು ಎಂದರೆ ಉಳಿಯದ ದುಡ್ಡು, ದಿನವೂ ಒಬ್ಬರು ಬಂದು ಕೈಯೊಡ್ಡಿದರೆ ಉಳಿಯುತ್ತದೆ. ಆ ಬ್ಯಾಂಕ್ 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕ್‌ನಲ್ಲಿ ವಿಲೀನವಾಯಿತು. ಪದ್ಧತಿ ಮಾತ್ರ ಸಹಕಾರ ಸಂಘಗಳ ಕೈಯಲ್ಲಿ ನಡೆದೇ ಇದೆ. ಸಂಜೆ ಹೊತ್ತು ಪಿಗ್ಮಿಯವರು ಬೈಕ್ ನಿಲ್ಲಿಸಿ, ಕೈಯಲ್ಲಿನ ಪುಟ್ಟ ಮಷೀನಿನೊಂದಿಗೆ ಅಂಗಡಿಯಿಂದ ಅಂಗಡಿಗೆ ಹೋಗುತ್ತಾರೆ. ಮಾಲೀಕರು ಗಿರಾಕಿಗೆ ಬನ್ ಕಟ್ಟಿಕೊಡುತ್ತಲೇ ಗಲ್ಲಾದಿಂದ ನೋಟು ತೆಗೆದು ಚಾಚುತ್ತಾರೆ. ರಸೀದಿ ಮೊಳೆಗೆ ಸಿಕ್ಕಿಕೊಳ್ಳುತ್ತದೆ. ಮಾತೇ ಇಲ್ಲ.

ಇದೇ ಜಾಣತನ ಆಟೊ ಆ್ಯಪ್‌ಗೂ ಬಂತು. ಬೆಂಗಳೂರಿನಲ್ಲಿ 2022ರಲ್ಲಿ ಆರಂಭವಾದ ‘ನಮ್ಮ ಯಾತ್ರಿ’ ಪ್ರತಿ ಬಾಡಿಗೆಯಲ್ಲೂ ಕಮಿಷನ್ ಹಿಡಿಯುವ ಬದಲು, ಮರುವರ್ಷ ದಿನಕ್ಕೆ 25 ರೂಪಾಯಿಯ ಯೋಜನೆ ತಂದಿತು. ಎಷ್ಟು ಹೋಯಿತು ಎಂಬುದು ಚಾಲಕನಿಗೆ ಬೆಳಿಗ್ಗೆಯೇ ಗೊತ್ತು, ಮಿಕ್ಕದ್ದು ತನ್ನದು. ತನ್ನ ದುಡಿಮೆ ತನ್ನ ಹಿಡಿತದಲ್ಲಿದೆ ಎಂಬ ನೆಮ್ಮದಿ ಅಲ್ಲಿಂದಲೇ ಬರುತ್ತದೆ.

ಆದರೆ ವರ್ಷದ ಲೆಕ್ಕ ಇಡದಿದ್ದರೆ ಏನಾಗುತ್ತದೆ ಎಂಬುದು 2025ರ ಜುಲೈನಲ್ಲಿ ಬೀದಿಬೀದಿಯಲ್ಲೂ ಗೊತ್ತಾಯಿತು. ಯುಪಿಐ ಜಮೆಗಳನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆ ನೋಟಿಸ್ ಕಳಿಸಿತು. ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ, ಸೇವೆ ನೀಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು. ಕ್ಯೂಆರ್ ಕೋಡ್ ಕಿತ್ತು ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ಬೋರ್ಡ್ ಅಂಟಿಸಿದ ಅಂಗಡಿಗಳು ನಗರದ ಹಲವು ಕಡೆ ಕಂಡವು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿ ವರ್ತಕರ ಸಭೆಯಲ್ಲಿ ಹೇಳಿದ ಮೇಲೆ ಬಿಸಿ ಇಳಿಯಿತು. ಇಲಾಖೆಯ ಕ್ರಮ ಸರಿಯೇ ತಪ್ಪೇ ಎಂಬ ವಾದ ಬೇರೆ. ಅಂಗಡಿಯವರು ಬೆಚ್ಚಿದ್ದಕ್ಕೆ ಇನ್ನೊಂದು ಕಾರಣವಿತ್ತು: ತಾವು ಎಂದೂ ಕೂಡಿ ನೋಡದ ವರ್ಷದ ಮೊತ್ತವನ್ನು ಬೇರೆಯವರು ಕೂಡಿ ಕಳಿಸಿದ್ದರು. ಅದರಲ್ಲಿ ಲಾಭ ಎಷ್ಟೆಂದು ತೋರಿಸಲು ಹಲವರ ಬಳಿ ಪುಸ್ತಕವೇ ಇರಲಿಲ್ಲ.

ಲೆಕ್ಕದ ಪುಸ್ತಕ ಬರೆದವರೂ ಬಿಟ್ಟುಬಿಡುವ ಒಂದು ಕಲಮಿದೆ: ಮನೆಯವರ ದುಡಿಮೆ. ಕೇಂದ್ರದ 2023-24ರ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ ದೇಶದಲ್ಲಿ ದುಡಿಯುವ ನೂರು ಜನರಲ್ಲಿ ಸುಮಾರು 58 ಮಂದಿ ಸ್ವಂತ ಉದ್ಯೋಗದವರು. ಆ 58ರಲ್ಲಿ ಸುಮಾರು 19 ಮಂದಿ ಮನೆಯ ದಂಧೆಯಲ್ಲಿ ಸಂಬಳವಿಲ್ಲದೆ ಕೈಜೋಡಿಸುವವರು. ಮಧ್ಯಾಹ್ನ ಗಂಡ ಮಾರ್ಕೆಟ್‌ಗೆ ಹೋದಾಗ ಗಲ್ಲಾದಲ್ಲಿ ಕೂರುವ ಹೆಂಡತಿ, ಕಾಲೇಜು ಮುಗಿಸಿ ಬಂದು ಡೆಲಿವರಿ ಕೊಡುವ ಮಗ ಇವರೊಳಗೇ ಬರುತ್ತಾರೆ. ‘ಯಾರ ಕೈಕೆಳಗೂ ಇಲ್ಲ’ ಎಂಬ ಹೆಮ್ಮೆಯ ಒಂದು ಪಾಲು ಅವರ ಬಿಟ್ಟಿ ದುಡಿಮೆಯ ಮೇಲೆ ನಿಂತಿದೆ.

ಆದ್ದರಿಂದ ವರ್ಷಕ್ಕೊಮ್ಮೆ, ಯುಗಾದಿಗೋ ದೀಪಾವಳಿಯ ಅಂಗಡಿ ಪೂಜೆಗೋ, ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು: ನಮ್ಮ ಜಾಗದಲ್ಲಿ ಬೇರೆಯವರನ್ನು ಕೂರಿಸಿದರೆ ಎಷ್ಟು ಸಂಬಳ ಕೊಡಬೇಕಾಗುತ್ತದೆ? ಗಂಡ ಹೆಂಡತಿ ಇಬ್ಬರ ಪಾಲಿನ ಆ ಸಂಬಳವನ್ನು, ಅಡ್ವಾನ್ಸ್ ದುಡ್ಡಿನ ಬಡ್ಡಿಯನ್ನು ಕಳೆದ ಮೇಲೆ ಉಳಿದದ್ದು ಲಾಭ. ಏನೂ ಉಳಿಯದಿದ್ದರೂ ಅಂಗಡಿ ಮುಚ್ಚಲೇಬೇಕೆಂದಿಲ್ಲ. ಸಂಬಳದ ಕೆಲಸಕ್ಕಿಂತ ಕಡಿಮೆ ಹುಟ್ಟಿದರೂ ಸ್ವಂತ ದಂಧೆ ಬಿಡದವರೇ ಹೆಚ್ಚು ಎಂದು ಅರ್ಥಶಾಸ್ತ್ರಜ್ಞ ಬಾರ್ಟನ್ ಹ್ಯಾಮಿಲ್ಟನ್ ಅಮೆರಿಕದ ಅಂಕಿಅಂಶಗಳಿಂದ 2000ರಲ್ಲೇ ತೋರಿಸಿದ್ದಾರೆ. ಯಾರಿಗೂ ರಜಾ ಚೀಟಿ ಬರೆಯಬೇಕಿಲ್ಲ ಎಂಬುದಕ್ಕೂ ಒಂದು ಬೆಲೆಯಿದೆ, ಅದನ್ನು ಖುಷಿಯಿಂದ ಕೊಡುವವರಿದ್ದಾರೆ. ಕೊಡಲಿ. ಎಷ್ಟು ಕೊಡುತ್ತಿದ್ದೇವೆ ಎಂಬುದು ಮಾತ್ರ ಗಲ್ಲಾದ ಮುಂದೆ ಕೂರುವ ಇಬ್ಬರಿಗೂ ಗೊತ್ತಿರಬೇಕು.