ಭಾರತೀಯರನ್ನು ಮದುವೆಯಾದ ವಿದೇಶಿಯರಿಗೆ ಪೌರತ್ವ ತಾನಾಗಿಯೇ ಸಿಗುತ್ತದೆಯೇ?

"ನಮ್ಮ ಹುಡುಗನನ್ನು ಮದುವೆಯಾದರೆ ಆಯ್ತು, ವಿದೇಶಿ ಸೊಸೆಗೆ ಇಲ್ಲಿಯ ಪೌರತ್ವ ತಾನಾಗಿಯೇ ಬರುತ್ತೆ." ಇಂಥ ಮಾತು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಅದರ ಬೆನ್ನಿಗೇ ಇನ್ನೊಂದು: "ಓಸಿಐ ಕಾರ್ಡ್ ಅಂದರೆ ಎರಡು ದೇಶದ ಪೌರತ್ವ." ಎರಡೂ ತಪ್ಪು. ಬೆಂಗಳೂರಿಗೋ ಮೈಸೂರಿಗೋ ಬಂದು ಸಂಸಾರ ಹೂಡುವವರು ಇವನ್ನು ನಂಬಿ ಕೂತರೆ ವೀಸಾ ಅವಧಿ ಮೀರುತ್ತದೆ. ಅವಧಿ ಮೀರಿ ಉಳಿಯುವುದು ಅಪರಾಧ. ಗಂಡ ಭಾರತೀಯ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ.

ನಿಜ ಏನು? 1955ರ ಪೌರತ್ವ ಕಾಯ್ದೆಯ ಪ್ರಕಾರ, ಭಾರತೀಯರನ್ನು ಮದುವೆಯಾದವರು ಏಳು ವರ್ಷ ಇಲ್ಲಿ ವಾಸವಿದ್ದ ಮೇಲೆ ಅರ್ಜಿ ಹಾಕಬಹುದು. ಅರ್ಜಿಗೆ ಮುಂಚಿನ 12 ತಿಂಗಳು ಪೂರ್ತಿ ಇಲ್ಲೇ ಇರಬೇಕು. ಅದಕ್ಕೂ ಹಿಂದಿನ ಎಂಟು ವರ್ಷಗಳಲ್ಲಿ ಒಟ್ಟು ಆರು ವರ್ಷ ಇದ್ದಿರಬೇಕು. ಪೌರತ್ವ ಸಿಕ್ಕರೆ ತವರು ದೇಶದ ಪೌರತ್ವ ಬಿಡಬೇಕು, ಏಕೆಂದರೆ ಭಾರತದಲ್ಲಿ ದ್ವಿಪೌರತ್ವವೇ ಇಲ್ಲ. ಸೊಸೆಗೂ ಅಳಿಯನಿಗೂ ಒಂದೇ ನಿಯಮ.

ಹೀಗಾಗಿ ಬಹಳಷ್ಟು ಜನ ಹಿಡಿಯುವ ದಾರಿ ಓಸಿಐ. ಹೆಸರಿನಲ್ಲಿ 'ಸಿಟಿಜನ್' ಅಂತ ಇರುವುದೇ ಗೊಂದಲಕ್ಕೆ ಕಾರಣ. ವಾಸ್ತವದಲ್ಲಿ ಅದು ಜೀವಮಾನದ ವೀಸಾ ಇದ್ದಂತೆ. ಎಷ್ಟು ಸಲವಾದರೂ ಬಂದು ಹೋಗಬಹುದು, ಎಷ್ಟು ಕಾಲವಾದರೂ ಇರಬಹುದು. ಆದರೆ ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಊರ ಕಡೆ ನಾಲ್ಕು ಎಕರೆ ತೋಟವನ್ನು ಸೊಸೆಯ ಹೆಸರಿಗೆ ಖರೀದಿಸುವ ಆಸೆ ಇದ್ದರೆ ಅದು ಆಗದ ಮಾತು.

ಮದುವೆ ಮನೆಯ ಫೋಟೊ ಸಾಲದು

ಓಸಿಐಗೆ ಕಾಯ್ದೆ ಕೇಳುವುದು ಎರಡು: ಮದುವೆ ನೋಂದಣಿ ಆಗಿರಬೇಕು, ಅರ್ಜಿ ಹಾಕುವ ಹೊತ್ತಿಗೆ ಸತತ ಎರಡು ವರ್ಷ ಉಳಿದಿರಬೇಕು. ಹೆಚ್ಚಿನವರು ಎಡವುವುದು ಮೊದಲನೆಯದರಲ್ಲಿ. ಕಲ್ಯಾಣ ಮಂಟಪದಲ್ಲಿ ಅದ್ದೂರಿಯಾಗಿ ಧಾರೆ ಎರೆದಿರುತ್ತಾರೆ, ಆಲ್ಬಮ್ ಇರುತ್ತದೆ, ಲಗ್ನಪತ್ರಿಕೆ ಇರುತ್ತದೆ, ನೋಂದಣಿ ಮಾತ್ರ "ಆಮೇಲೆ ನೋಡೋಣ". ಅದನ್ನು ಮುಂದೂಡಿದಷ್ಟೂ ಕಾರ್ಡ್ ದೂರ ಹೋಗುತ್ತದೆ.

ನೋಂದಣಿಯಲ್ಲೂ ಒಂದು ತಿರುವು ಇದೆ. ಹಿಂದೂ ವಿವಾಹ ಕಾಯ್ದೆ ಅನ್ವಯವಾಗಲು ವಧು, ವರ ಇಬ್ಬರೂ ಅದರ ವ್ಯಾಪ್ತಿಗೆ ಬರಬೇಕು. ಹುಡುಗ ಹಿಂದೂ, ಹುಡುಗಿ ಕ್ರೈಸ್ತಳಾಗಿದ್ದರೆ ಮಂಟಪದಲ್ಲಿ ತಾಳಿ ಕಟ್ಟಿದರೂ ಆ ಕಾಯ್ದೆಯಡಿ ನೋಂದಣಿ ಆಗದು. ಆಗ 1954ರ ವಿಶೇಷ ವಿವಾಹ ಕಾಯ್ದೆಯ ದಾರಿ ಹಿಡಿಯಬೇಕು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದು ನೋಟಿಸ್ ಕೊಡಬೇಕು. ಆಕ್ಷೇಪಣೆಗೆ ಮತ್ತೆ 30 ದಿನ. ಶಾಸ್ತ್ರೋಕ್ತವಾಗಿ ಮೊದಲೇ ಆದ ಮದುವೆಯನ್ನೂ ಇದೇ ಕಾಯ್ದೆಯಡಿ ನೋಂದಾಯಿಸಬಹುದು, ಅಲ್ಲೂ ಒಂದು ತಿಂಗಳ ನೋಟಿಸ್ ಇದೆ. ಮೂರು ವಾರ ರಜೆ ಹಾಕಿ ಬಂದು ಎಲ್ಲ ಮುಗಿಸಿಕೊಂಡು ಹೋಗುತ್ತೇವೆ ಎನ್ನುವವರ ಲೆಕ್ಕ ತಪ್ಪುವುದು ಇಲ್ಲೇ.

ಮದುವೆ ಹೊರದೇಶದಲ್ಲೇ ಆಗಿದ್ದರೆ ಅಲ್ಲಿನ ಪ್ರಮಾಣಪತ್ರಕ್ಕೆ 'ಅಪೊಸ್ಟಿಲ್' ಮುದ್ರೆ ಬೇಕು. ದಾಖಲೆ ಅಸಲಿ ಎಂದು ಆ ದೇಶದ ಸರ್ಕಾರ ಕೊಡುವ ದೃಢೀಕರಣ ಇದು. ಭಾರತ 2005ರಿಂದ ಈ ಒಪ್ಪಂದದಲ್ಲಿದೆ. ಮುದ್ರೆ ಹಾಕಿಸಬೇಕಾದ್ದು ದಾಖಲೆ ಕೊಟ್ಟ ದೇಶದಲ್ಲಿ. ಇಲ್ಲಿಗೆ ಬಂದ ಮೇಲೆ ನೆನಪಾದರೆ ಕಾಗದ ಮತ್ತೆ ಸಮುದ್ರ ದಾಟಬೇಕು.

ನಮ್ಮ ಕಡೆಯ ಇನ್ನೊಂದು ತಲೆನೋವು ಇನಿಷಿಯಲ್. ಗಂಡನ ಆಧಾರ್‌ನಲ್ಲಿ ಬರೀ ಎರಡು ಅಕ್ಷರ, ಪಾಸ್‌ಪೋರ್ಟ್‌ನಲ್ಲಿ ಅವೇ ಅಪ್ಪನ ಹೆಸರು, ಊರ ಹೆಸರಾಗಿ ಬಿಡಿಸಿಕೊಂಡಿರುತ್ತವೆ, ಮದುವೆ ಪ್ರಮಾಣಪತ್ರದಲ್ಲಿ ಮೂರನೇ ರೂಪ. ಪ್ರಮಾಣಪತ್ರ ಮಾಡಿಸುವಾಗಲೇ ಇಬ್ಬರ ಹೆಸರೂ ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಬರೆಸಿ.

ಆ ಎರಡು ವರ್ಷ ಹೇಗೆ?

ಕಾರ್ಡ್ ಬರುವವರೆಗೆ ಆಧಾರ ಎಂಟ್ರಿ ವೀಸಾ, ಅಂದರೆ ಎಕ್ಸ್ ವೀಸಾ. 180 ದಿನ ಮೀರಿದ ವೀಸಾದಲ್ಲಿ ಬಂದವರು 14 ದಿನದೊಳಗೆ ಎಫ್‌ಆರ್‌ಆರ್‌ಒ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಈಗ ಇದು ಆನ್‌ಲೈನ್‌ನಲ್ಲೇ ಆಗುತ್ತದೆ. ಇನ್ನೊಂದು ವಿಷಯ ಅತ್ತೆ ಮಾವನಿಗೆ ಗೊತ್ತೇ ಇರುವುದಿಲ್ಲ: ವಿದೇಶಿಯರನ್ನು ಮನೆಯಲ್ಲಿ ಇರಿಸಿಕೊಂಡವರು 24 ಗಂಟೆಯೊಳಗೆ ಅದರ ಮಾಹಿತಿ ಸಲ್ಲಿಸಬೇಕು. ಹೋಟೆಲಿಗೆ ಇರುವ ನಿಯಮ ಸೊಸೆ ಬಂದ ಮನೆಗೂ ಇದೆ.

ಟೂರಿಸ್ಟ್ ವೀಸಾದಲ್ಲಿ ಬಂದವರು ಇಲ್ಲಿಂದಲೇ ಓಸಿಐಗೆ ಅರ್ಜಿ ಹಾಕಲು ಬರುವುದಿಲ್ಲ. "ದುಡ್ಡು ಕೊಡಿ, ತಿಂಗಳೊಳಗೆ ಕಾರ್ಡ್" ಎನ್ನುವ ಏಜೆಂಟರ ಮಾತನ್ನೂ ನಂಬಬೇಡಿ. ಸಂಗಾತಿಯ ಅರ್ಜಿಗೆ ಭದ್ರತಾ ತಪಾಸಣೆ ಆಗಲೇಬೇಕೆಂದು ಕಾಯ್ದೆಯೇ ಹೇಳಿದೆ, ಅದನ್ನು ಯಾರೂ ತಪ್ಪಿಸಲಾರರು. ಪಾಕಿಸ್ತಾನ, ಬಾಂಗ್ಲಾದೇಶದ ಪೌರರಿಗೆ, ಅವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳಿಗೆ ಓಸಿಐ ಇಲ್ಲವೇ ಇಲ್ಲ.

ಕಾರ್ಡ್ ಕೈಗೆ ಬಂದ ಮೇಲೂ ಒಂದು ಷರತ್ತು ಉಳಿಯುತ್ತದೆ, ಇದನ್ನು ಯಾವ ಫಾರ್ವರ್ಡೂ ಹೇಳುವುದಿಲ್ಲ. ಮದುವೆಯ ಆಧಾರದ ಮೇಲೆ ಪಡೆದ ಓಸಿಐಯನ್ನು ವಿಚ್ಛೇದನವಾದರೆ ರದ್ದು ಮಾಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಹತ್ತು ವರ್ಷ ಇಲ್ಲೇ ಬಾಳಿದ್ದರೂ ಅಷ್ಟೇ. ಇಲ್ಲಿ ಹುಟ್ಟಿದ ಮಗು ಭಾರತದ ಪ್ರಜೆಯೇ ಆಗಿದ್ದರೂ, ಅದರ ಜೊತೆಗಿರಲು ತಾಯಿ ಹೊಸದಾಗಿ ವೀಸಾ ಕೇಳಬೇಕಾಗಬಹುದು.