ಜಪಾನಿನ ಕತೆ, ಕನ್ನಡದ ವಾದ

ದೊಡ್ಡಬಳ್ಳಾಪುರ, ದೇವನಹಳ್ಳಿ, ನೆಲಮಂಗಲ, ಹೊಸಕೋಟೆಗಳಿಂದ ಬೆಳಿಗ್ಗೆ ಬೆಂಗಳೂರಿನ ಕಾಲೇಜುಗಳಿಗೆ ಹೊರಡುವ ಬಸ್ಸುಗಳಲ್ಲಿ ಹುಡುಗರ ಮಾತಿಗೆ ಕಿವಿಗೊಟ್ಟರೆ, ಕ್ರಿಕೆಟ್ಟು ಸಿನಿಮಾಗಳ ನಡುವೆ ಕೆಲವು ಅಪರಿಚಿತ ಹೆಸರುಗಳು ಕಿವಿಗೆ ಬೀಳುತ್ತವೆ. ನರೂಟೊ, ಲೂಫಿ, ಎರೆನ್, ತಾಂಜಿರೊ. ಇವರಲ್ಲಿ ಯಾರು ಯಾರಿಗಿಂತ ಬಲಶಾಲಿ, ಯಾವ ಕತೆ ಎಲ್ಲಿ ದಾರಿ ತಪ್ಪಿತು, ಹೊಸಬರು ಯಾವುದನ್ನು ಮೊದಲು ನೋಡಬೇಕು ಎಂಬ ಚರ್ಚೆ ಬೆಂಗಳೂರು ಬಂದರೂ ಮುಗಿಯುವುದಿಲ್ಲ. ಇವರೆಲ್ಲ ಜಪಾನಿನ 'ಅನಿಮೆ' ಧಾರಾವಾಹಿಗಳ ಅಭಿಮಾನಿಗಳು.

ಇಂಗ್ಲಿಷಿನ 'ಆ್ಯನಿಮೇಷನ್' ಪದವನ್ನು ಜಪಾನೀಯರು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು, ಅರ್ಧಕ್ಕೆ ಕತ್ತರಿಸಿ ಮಾಡಿಕೊಂಡ ಪದ ಅನಿಮೆ. ನಮ್ಮ ಮನೆಗಳಲ್ಲಿ ಹಿರಿಯರು ಇದನ್ನು ಕಾರ್ಟೂನು ಎನ್ನುತ್ತಾರೆ. ಹಾಗೆಂದ ಕೂಡಲೇ ಡಿಗ್ರಿ ಓದುವ ಮಗನಿಗೋ ಮಗಳಿಗೋ ಸಿಟ್ಟು ಬರುತ್ತದೆ. ಸಿಟ್ಟಿಗೆ ಕಾರಣವಿಲ್ಲದಿಲ್ಲ. ಯುದ್ಧದಲ್ಲಿ ಅನಾಥರಾದ ಅಣ್ಣ ತಂಗಿಯರ ಹಸಿವನ್ನು ತೋರಿಸುವ 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್' (1988) ಕೂಡ ಅನಿಮೆಯೇ. ಅದನ್ನು ನೋಡಿ ನಗುವವರು ಯಾರೂ ಇರಲಾರರು.

ಟೆಲಿವಿಷನ್ ಅನಿಮೆಯ ಕತೆ ಶುರುವಾಗುವುದು 1963ರ ಜನವರಿ 1ರಂದು, ಒಸಾಮು ತೆಝುಕಾ ಅವರ 'ಆಸ್ಟ್ರೋ ಬಾಯ್' ಪ್ರಸಾರವಾದಾಗ. ವಾರಕ್ಕೊಂದು ಕಂತು ಸಿದ್ಧವಾಗಬೇಕು, ಕೈಯಲ್ಲಿ ಕಾಸಿಲ್ಲ. ತೆಝುಕಾ ಕಂಡುಕೊಂಡ ಉಪಾಯವೆಂದರೆ ಒಂದೇ ಚಿತ್ರವನ್ನು ಮೂರು ಫ್ರೇಮುಗಳ ಕಾಲ ನಿಲ್ಲಿಸುವುದು, ಮುಖ ಕದಲದೆ ಬಾಯಿ ಮಾತ್ರ ಆಡುವಂತೆ ಬರೆಯುವುದು, ಒಮ್ಮೆ ಬರೆದ ಚಿತ್ರವನ್ನು ಮತ್ತೆ ಮತ್ತೆ ಬಳಸುವುದು. ಚಲನೆ ಕಡಿಮೆಯಾದ ಮೇಲೆ ನೋಡುವವನನ್ನು ಹಿಡಿದು ಕೂರಿಸುವ ಕೆಲಸ ಕತೆಯ ಹೆಗಲಿಗೆ ಬಿತ್ತು. ಅನಿಮೆಯಲ್ಲಿ ಪಾತ್ರಗಳು ಕಣ್ಣರಳಿಸಿ ನಿಂತು ನಿಮಿಷಗಟ್ಟಲೆ ಯೋಚಿಸುವುದನ್ನು ಕಂಡು ತಾಯಂದಿರು ಬೇಸರಪಡುತ್ತಾರಲ್ಲ, ಆ ಅಭ್ಯಾಸದ ಒಂದು ಬೇರು ಈ ಬಡತನದಲ್ಲಿದೆ.

ಹೋಲಿಕೆಯ ಚಟಕ್ಕೂ ಜಪಾನಿನಲ್ಲೇ ಮೂಲವಿದೆ. ಬಹುಪಾಲು ಅನಿಮೆಗಳು 'ಮಾಂಗಾ' ಎಂಬ ಚಿತ್ರಕತೆಗಳಿಂದ ಹುಟ್ಟುತ್ತವೆ. ಅವುಗಳನ್ನು ಅಚ್ಚು ಹಾಕುವ ಪತ್ರಿಕೆಗಳಲ್ಲಿ ಅತ್ಯಂತ ಹೆಸರುವಾಸಿಯಾದದ್ದು 1968ರಲ್ಲಿ ಆರಂಭವಾದ 'ಶೋನೆನ್ ಜಂಪ್'. 1995ರ ಸುಮಾರಿಗೆ ಇದರ ಪ್ರಸಾರ 65 ಲಕ್ಷ ಪ್ರತಿಗಳನ್ನು ದಾಟಿತ್ತು. ಪತ್ರಿಕೆಯೊಳಗೇ ಒಂದು ಅಂಚೆ ಕಾರ್ಡು ಇರುತ್ತಿತ್ತು. ಈ ವಾರ ನಿಮಗೆ ಹಿಡಿಸಿದ ಕತೆಗಳು ಯಾವುವು ಎಂದು ಓದುಗ ಬರೆದು ಕಳಿಸಬೇಕು. ಮತ ಬೀಳದ ಕತೆಯನ್ನು ಕೆಲವೇ ವಾರಗಳಲ್ಲಿ ಮುಗಿಸುವಂತೆ ಲೇಖಕನಿಗೆ ಹೇಳಲಾಗುತ್ತಿತ್ತು. ಮತ ಬಿದ್ದ ಕತೆ ಲೇಖಕ ಬೇಡವೆಂದರೂ ಬೆಳೆಯುತ್ತಿತ್ತು. ಅಲ್ಲಿ ಅಭಿಮಾನಿಯ ಆಯ್ಕೆ ಬರೀ ಹರಟೆಯಲ್ಲ, ಕತೆಯ ಆಯುಸ್ಸು.

ಹೀಗೆ ಬೆಳೆದ ಕತೆಗಳ ಉದ್ದ ದಿಗಿಲು ಹುಟ್ಟಿಸುವಂಥದು. 1999ರಲ್ಲಿ ತೆರೆಗೆ ಬಂದ 'ಒನ್ ಪೀಸ್' 1100 ಕಂತುಗಳನ್ನು ದಾಟಿ ಇನ್ನೂ ನಡೆದಿದೆ. 'ನರೂಟೊ'ವಿನ ಎರಡು ಭಾಗ ಸೇರಿ 720 ಕಂತು. ಶಿಫಾರಸಿನ ತಾಪತ್ರಯ ಶುರುವಾಗುವುದೇ ಇಲ್ಲಿ. ಪರೀಕ್ಷೆ ಎದುರಿಗಿಟ್ಟುಕೊಂಡ ಗೆಳೆಯನಿಗೆ 1100 ಕಂತು ನೋಡು ಎನ್ನುವುದು ಸ್ನೇಹದ ಲಕ್ಷಣವಲ್ಲ. ಹಾಗಾಗಿ ಹೊಸಬರಿಗೆ ಮೊದಲು ಹೇಳುವ ಹೆಸರು ಸಾಮಾನ್ಯವಾಗಿ 'ಡೆತ್ ನೋಟ್' (2006). ಒಟ್ಟು 37 ಕಂತು. ಯಾರ ಹೆಸರು ಬರೆದರೆ ಅವರು ಸಾಯುವಂಥ ಪುಸ್ತಕವೊಂದು ಬುದ್ಧಿವಂತ ವಿದ್ಯಾರ್ಥಿಯ ಕೈಗೆ ಸಿಗುತ್ತದೆ. ಮುಂದಿನದನ್ನು ಹೇಳುವಂತಿಲ್ಲ.

ಹಳಬರ ನಡುವಿನ ವಾದ ಇನ್ನೂ ಸ್ವಾರಸ್ಯಕರ. ಅನಿಮೆ ವಾರಕ್ಕೊಂದು ಕಂತಿನಂತೆ ಓಡುತ್ತದೆ, ಮಾಂಗಾ ಬರೆಯುವವರು ಅಷ್ಟು ಬೇಗ ಬರೆಯಲಾರರು. ತೆರೆಯ ಕತೆ ಅಚ್ಚಿನ ಕತೆಯನ್ನು ಹಿಂದಿಕ್ಕುವ ಹೊತ್ತಿಗೆ ತಯಾರಕರು ಮೂಲದಲ್ಲಿಲ್ಲದ ಪ್ರಸಂಗಗಳನ್ನು ತುರುಕಿ ಕಾಲ ಕಳೆಯುತ್ತಾರೆ. ಇದಕ್ಕೆ ಅಭಿಮಾನಿಗಳು ಇಟ್ಟ ಹೆಸರು 'ಫಿಲ್ಲರ್'. ನಮ್ಮ ಕಿರುತೆರೆಯಲ್ಲಿ ಸೊಸೆ ಬಾಗಿಲಲ್ಲಿ ನಿಂತು ಮೂರು ದಿನ ಅತ್ತೆಯ ಮುಖ ನೋಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಾವ ಕಂತನ್ನು ಬಿಟ್ಟರೂ ಕತೆ ಕೆಡುವುದಿಲ್ಲ ಎಂಬ ಪಟ್ಟಿ ಒಳ್ಳೆಯ ಶಿಫಾರಸುಗಾರನ ತಲೆಯಲ್ಲಿ ಇರಲೇಬೇಕು.

ಇನ್ನೊಂದು ದಾರಿಯೂ ಇದೆ. ಹಿರೊಮು ಅರಕಾವಾ ಎಂಬ ಲೇಖಕಿಯ 'ಫುಲ್‌ಮೆಟಲ್ ಆಲ್ಕೆಮಿಸ್ಟ್' 2003ರಲ್ಲಿ ತೆರೆಗೆ ಬಂದಾಗ ಮಾಂಗಾ ಇನ್ನೂ ಅರ್ಧದಲ್ಲಿತ್ತು. ತಯಾರಕರು ತಮ್ಮದೇ ಕೊನೆ ಕಟ್ಟಿ 51 ಕಂತಿಗೆ ಮುಗಿಸಿದರು. 2009ರಲ್ಲಿ ಅದೇ ಕತೆಯನ್ನು ಮೂಲಕ್ಕೆ ನಿಷ್ಠವಾಗಿ 64 ಕಂತುಗಳಲ್ಲಿ ಮತ್ತೆ ತೆಗೆದರು. ಸತ್ತ ತಾಯಿಯನ್ನು ರಸವಿದ್ಯೆಯಿಂದ ಬದುಕಿಸಹೋಗಿ ಅಣ್ಣ ಕೈಕಾಲನ್ನೂ ತಮ್ಮ ಇಡೀ ದೇಹವನ್ನೂ ಕಳೆದುಕೊಳ್ಳುವ ಕತೆಯದು. ಎರಡರಲ್ಲಿ ಯಾವುದು ಮೇಲು ಎಂಬ ವಾದ ಇಂದಿಗೂ ಬಗೆಹರಿದಿಲ್ಲ. ಬಹುಮತ ಎರಡನೆಯದಕ್ಕಿದೆ. ದುಃಖವನ್ನು ಅವಸರವಿಲ್ಲದೆ ತೋರಿಸುವ ವಿಷಯದಲ್ಲಿ ಮೊದಲನೆಯದೇ ಮೇಲು ಎಂದು ಈ ಲೇಖಕನ ಅಭಿಪ್ರಾಯ.

ಒಂದೇ ಕತೆಯ ಎರಡು ಪ್ರದರ್ಶನಗಳನ್ನು ತೂಗಿ ನೋಡುವುದು ಈ ಜಿಲ್ಲೆಗೆ ಹೊಸ ವಿದ್ಯೆಯೇನೂ ಅಲ್ಲ. ನೆಲಮಂಗಲ, ದೊಡ್ಡಬಳ್ಳಾಪುರದ ಕಡೆಯ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಕೈಯಿಂದ ಹಣ ಹಾಕಿ ರಾತ್ರಿಯಿಡೀ 'ಕುರುಕ್ಷೇತ್ರ' ನಾಟಕ ಆಡುತ್ತಾರೆ. ಮಾರನೆಯ ದಿನ ಟೀ ಅಂಗಡಿಯಲ್ಲಿ ನಡೆಯುವುದು ಇದೇ ಚರ್ಚೆ: ಹೋದ ವರ್ಷದ ದುರ್ಯೋಧನ ಮೇಲೋ, ಈ ವರ್ಷದವನೋ? ಪಕ್ಕದ ಊರಿನ ಕೃಷ್ಣ ಹಾಡಿದಂತೆ ನಮ್ಮವನು ಹಾಡಿದನೇ? ವ್ಯತ್ಯಾಸವಿರುವುದು ಒಂದೇ. ದುರ್ಯೋಧನ ಸೋಲುತ್ತಾನೆಂದು ಮೊದಲೇ ಹೇಳಿದರೆ ಹಳ್ಳಿಯಲ್ಲಿ ಯಾರೂ ಬೇಸರಪಡುವುದಿಲ್ಲ. ಅನಿಮೆಯ ಕೊನೆ ಹೇಳಿದವನ ಜತೆ ಮಾತು ಬಿಡುತ್ತಾರೆ.

ಈಗ ಭಾಷೆಯ ವಿಷಯಕ್ಕೆ ಬರೋಣ. ಯಾವುದು ನೋಡಿದೆ ಎಂಬ ಪ್ರಶ್ನೆಯ ಬೆನ್ನಿಗೇ ಬರುವ ಪ್ರಶ್ನೆ, ಯಾವ ಭಾಷೆಯಲ್ಲಿ ನೋಡಿದೆ ಎಂಬುದು. ಜಪಾನಿ ಧ್ವನಿಯನ್ನೇ ಕೇಳುತ್ತಾ ಇಂಗ್ಲಿಷ್ ಸಬ್‌ಟೈಟಲ್ ಓದಬೇಕು ಎನ್ನುವವರದು ಒಂದು ಪಂಗಡ, ಡಬ್ಬಿಂಗ್ ಸಾಕು ಎನ್ನುವವರದು ಇನ್ನೊಂದು. ಈ ಜಗಳ ಲೋಕದ ಎಲ್ಲ ಕಡೆಯೂ ಇದೆ. ನಮ್ಮಲ್ಲಿ ಮಾತ್ರ ಅದಕ್ಕೆ ಒಂದು ತಿರುವು ಸೇರಿಕೊಂಡಿದೆ. ಡಬ್ಬಿಂಗ್ ಎಂದರೆ ನಮ್ಮಲ್ಲಿ ಹೆಚ್ಚಾಗಿ ಹಿಂದಿ, ತಮಿಳು, ತೆಲುಗು. ದೊಡ್ಡಬಳ್ಳಾಪುರದ ನೇಕಾರರಲ್ಲಿ ಅನೇಕರ ಮನೆಮಾತು ತೆಲುಗು. ಹೊಸಕೋಟೆಯ ಕಡೆ ತೆಲುಗು, ತಮಿಳು ಎರಡೂ ಕಿವಿಗೆ ಬಿದ್ದಿರುತ್ತವೆ. ಅವರು ಹೇಗೋ ದಾಟಿಕೊಳ್ಳುತ್ತಾರೆ. ಮನೆಯಲ್ಲಿ ಕನ್ನಡ ಮಾತ್ರ ಆಡುವ, ಸರ್ಕಾರಿ ಶಾಲೆಯಲ್ಲಿ ಓದುವ ಹುಡುಗನಿಗೆ ಉಳಿಯುವುದು ಎರಡು ಸೆಕೆಂಡಿನಲ್ಲಿ ಮಾಯವಾಗುವ ಇಂಗ್ಲಿಷ್ ಸಾಲು.

ಇದು ಇಂದು ನಿನ್ನೆಯ ಮಾತಲ್ಲ. 1993ರಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಬರುತ್ತಿದ್ದ 'ಜಂಗಲ್ ಬುಕ್' ಓದುಗರಿಗೆ ನೆನಪಿರಬಹುದು. ಅದು ಜಪಾನಿನ ನಿಪ್ಪಾನ್ ಆ್ಯನಿಮೇಷನ್ ಸಂಸ್ಥೆ 1989ರಲ್ಲಿ ತಯಾರಿಸಿದ 52 ಕಂತುಗಳ ಅನಿಮೆ. ಗುಲ್ಜಾರರ ಹಾಡು, ವಿಶಾಲ್ ಭಾರದ್ವಾಜರ ಸಂಗೀತ, ಶೇರ್ ಖಾನ್‌ಗೆ ನಾನಾ ಪಾಟೇಕರರ ಧ್ವನಿ. ಕರ್ನಾಟಕದ ಮಕ್ಕಳು ನೋಡಿದ್ದು ಹಿಂದಿಯಲ್ಲಿ, ಅರ್ಥವಾದಷ್ಟು. ಯುಗೊ ಸಾಕೊ, ರಾಮ್ ಮೋಹನ್ ಮೊದಲಾದವರು 1992ರಲ್ಲಿ ಮುಗಿಸಿದ ಭಾರತ–ಜಪಾನ್ ಜಂಟಿ 'ರಾಮಾಯಣ' ಚಿತ್ರ 2025ರ ಜನವರಿ 24ರಂದು ಚಿತ್ರಮಂದಿರಗಳಿಗೆ ಮತ್ತೆ ಬಂತು: ಹಿಂದಿ, ತಮಿಳು, ತೆಲುಗು, ಇಂಗ್ಲಿಷಿನಲ್ಲಿ. ಅದೇ ವರ್ಷದ ಸೆಪ್ಟೆಂಬರ್ 12ರಂದು ತೆರೆಕಂಡ 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ಆ ನಾಲ್ಕು ಭಾಷೆಗಳ ಜತೆಗೆ ಜಪಾನಿಯಲ್ಲೂ ಇತ್ತು. ಎರಡೂ ಪಟ್ಟಿಯಲ್ಲಿ ಕನ್ನಡವಿಲ್ಲ. ರಾಮನ ಕತೆಗೂ ಇಲ್ಲ.

ಕಾರಣ ಹುಡುಕಿದರೆ ಜಪಾನಿಗಿಂತ ಗಾಂಧಿನಗರ ಹತ್ತಿರ. 1960ರ ದಶಕದಲ್ಲಿ ಕನ್ನಡ ಚಿತ್ರರಂಗ ಇನ್ನೂ ಮದರಾಸಿನ ಸ್ಟುಡಿಯೋಗಳ ಆಶ್ರಯದಲ್ಲಿತ್ತು. ಡಬ್ಬಿಂಗ್ ಚಿತ್ರಗಳು ಬಂದರೆ ಇಲ್ಲಿನ ಕಲಾವಿದ, ತಂತ್ರಜ್ಞರ ಅನ್ನಕ್ಕೇ ಕಲ್ಲು ಬೀಳುತ್ತದೆಂದು ಅ.ನ. ಕೃಷ್ಣರಾಯರು, ಮ. ರಾಮಮೂರ್ತಿ ಮೊದಲಾದವರು ಚಳವಳಿ ಹೂಡಿದರು. ರಾಜಕುಮಾರ್ ಜತೆಗೆ ನಿಂತರು. ಅಂದಿನ ಸ್ಥಿತಿಯಲ್ಲಿ ಆ ಭಯ ನಿಜವಾಗಿತ್ತು. ಕನ್ನಡ ಚಿತ್ರರಂಗ ಕಾಲೂರಿದ್ದರಲ್ಲಿ ಆ ಹೋರಾಟದ ಪಾಲನ್ನು ಅಲ್ಲಗಳೆಯಲಾಗದು. ಕಾನೂನಿನಲ್ಲಿ ಎಲ್ಲೂ ಬರೆಯದ ಆ ನಿರ್ಬಂಧ ಮಾತ್ರ ಕಾಲ ಬದಲಾದರೂ ಉಳಿದುಬಿಟ್ಟಿತು. 2012ರಲ್ಲಿ ಆಮೀರ್ ಖಾನರ 'ಸತ್ಯಮೇವ ಜಯತೆ' ಬೇರೆ ಭಾಷೆಗಳಲ್ಲಿ ಬಂದರೂ ಕನ್ನಡ ಕಿರುತೆರೆಯಲ್ಲಿ ಬರಲಿಲ್ಲ. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಡಬ್ಬಿಂಗ್ ತಡೆಯುವುದು ಸ್ಪರ್ಧೆಗೆ ಅಡ್ಡಿ ಎಂದು ತೀರ್ಪಿತ್ತು ವಾಣಿಜ್ಯ ಮಂಡಳಿ ಮುಂತಾದ ಸಂಸ್ಥೆಗಳಿಗೆ ದಂಡ ವಿಧಿಸಿತು. 2017ರಲ್ಲಿ ತಮಿಳಿನಿಂದ ಬಂದ 'ಸತ್ಯದೇವ್ ಐಪಿಎಸ್' ತೆರೆಕಂಡಿತು. 2020ರ ಲಾಕ್‌ಡೌನ್‌ನಲ್ಲಿ ಡಬ್ ಆದ 'ಮಹಾಭಾರತ' ಧಾರಾವಾಹಿಯನ್ನು ಮನೆಮಂದಿಯೆಲ್ಲ ಕೂತು ನೋಡಿದರು.

ಮಕ್ಕಳ ವಿಷಯದಲ್ಲಿ ಸ್ವಲ್ಪ ಸಡಿಲವಿತ್ತು. 2009ರಲ್ಲಿ ಆರಂಭವಾದ ಚಿಂಟು ಟಿ.ವಿ. ಹೊರಗಿನ ಕಾರ್ಟೂನುಗಳಿಗೆ ಕನ್ನಡದ ಮಾತು ಕೊಟ್ಟಿತು. ಆದರೆ ಅದರ ಕಣ್ಣಿದ್ದದ್ದು ಪುಟ್ಟ ಮಕ್ಕಳ ಮೇಲೆ. ಆ ಮಕ್ಕಳು ಹದಿನೈದು ದಾಟಿ ಗಟ್ಟಿಯಾದ ಕತೆ ಬೇಕೆಂದಾಗ ಭಾಷೆ ಬದಲಿಸಬೇಕಾಯಿತು.

ವಿಚಿತ್ರವೆಂದರೆ ಒಂದು ಕಾಲದಲ್ಲಿ ಇದು ತಿರುಗಿಮುರುಗಿ ಆಗಿತ್ತು. ಇಡೀ ದೇಶ ಓದಿದ 'ಅಮರ ಚಿತ್ರ ಕಥಾ' ಮೊದಲು ಬಂದದ್ದು ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಇಂಡಿಯಾ ಬುಕ್ ಹೌಸ್ ಪಾಶ್ಚಾತ್ಯ ಮಕ್ಕಳ ಕತೆಗಳ ಹತ್ತು ಚಿತ್ರಪುಸ್ತಕಗಳನ್ನು ಕನ್ನಡದಲ್ಲಿ ತಂದಿತು. ಇಂಗ್ಲಿಷ್ ಮಾಲೆಯ ಮೊದಲ ಪುಸ್ತಕ 'ಕೃಷ್ಣ'ನಿಗೆ ಹನ್ನೊಂದನೆಯ ಸಂಖ್ಯೆ ಬಂದದ್ದು ಅದಕ್ಕೇ.

ಡಬ್ಬಿಂಗ್ ಇಲ್ಲದ ಕಡೆ ಆ ಕೆಲಸವನ್ನು ಮಾಡುತ್ತಿರುವುದು ಶಿಫಾರಸು. ಅನಿಮೆ ನೋಡು ಎಂದು ಹೇಳಲು ಹುಡುಗ ಅರ್ಧ ಕತೆಯನ್ನು ಕನ್ನಡದಲ್ಲಿ ಹೇಳಿಯೇ ತೀರಬೇಕು. ಹರಿಕತೆ ದಾಸರಂತೆ ಕೊನೆಯನ್ನು ಮುಚ್ಚಿಟ್ಟು, ಕುತೂಹಲ ಕೆರಳಿಸಿ, ಪಾತ್ರದ ಮಾತನ್ನು ತನ್ನ ಮಾತಾಗಿಸಿ ಹೇಳಬೇಕು. ನೋಡಿದ ಭಾಷೆ ಯಾವುದೇ ಇರಲಿ, ಜಗಳವಾಡುವುದು ಕನ್ನಡದಲ್ಲಿ. ಈ ಹೇಳಿಕೆಗೆ ಜಪಾನಿ ಕತೆಗಳು ಇಂಗ್ಲಿಷಿಗಿಂತ ಚೆನ್ನಾಗಿ ಒದಗುತ್ತವೆ. ಜಪಾನಿಯಲ್ಲೂ ನಮ್ಮಂತೆ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಕೊಂದನೋ ಬಿಟ್ಟನೋ ಎಂಬುದು ಕಡೆಯ ಪದದವರೆಗೆ ತಿಳಿಯುವುದಿಲ್ಲ. ಇಂಗ್ಲಿಷ್ ಸಬ್‌ಟೈಟಲು ಅದನ್ನು ಮೊದಲೇ ಉಸುರಿಬಿಡುತ್ತದೆ. (ಜಪಾನಿಗೂ ತಮಿಳಿಗೂ ನಂಟಿದೆ ಎಂದು ಸುಸುಮು ಓನೊ ಎಂಬ ವಿದ್ವಾಂಸರು ವಾದಿಸಿದ್ದುಂಟು. ಭಾಷಾವಿಜ್ಞಾನಿಗಳು ಹೆಚ್ಚಿನವರು ಒಪ್ಪಿಲ್ಲ.)

ವಸ್ತುವೂ ಅಷ್ಟೇನೂ ದೂರದ್ದಲ್ಲ. ಮೇಲೆ ಹೇಳಿದ ಅರಕಾವಾ ಹೊಕ್ಕೈಡೊ ದ್ವೀಪದ ಹೈನುಗಾರರ ಮನೆಯ ಮಗಳು. ಕೊಟ್ಟಿಗೆಯಲ್ಲಿ ಏಳು ವರ್ಷ ದುಡಿದವರು. ಅವರ 'ಸಿಲ್ವರ್ ಸ್ಪೂನ್' 2013ರಲ್ಲಿ ಅನಿಮೆಯಾಯಿತು. ಪೇಟೆಯ ಹುಡುಗನೊಬ್ಬ ಕೃಷಿ ಶಾಲೆ ಸೇರಿ, ಹಾಲು ಕರೆಯಲು ಕಲಿತು, ತಾನೇ ಹೆಸರಿಟ್ಟು ಸಾಕಿದ ಹಂದಿಮರಿ ಒಂದು ದಿನ ಮಾಂಸವಾಗಲಿದೆ ಎಂಬುದನ್ನು ನುಂಗಿಕೊಳ್ಳಲಾರದೆ ಒದ್ದಾಡುತ್ತಾನೆ. ಊರಹಬ್ಬಕ್ಕೆಂದು ಕಟ್ಟಿದ ಮರಿಗೆ ಸೊಪ್ಪು ತಿನ್ನಿಸಿದ ಯಾವ ಹಳ್ಳಿಯ ಮಗುವಿಗೂ ಇದಕ್ಕೆ ಸಬ್‌ಟೈಟಲು ಬೇಡ. ಡೇರಿಗೆ ಹಾಲು ಹಾಕುವ ಮನೆಗಳಿರುವ ಈ ಜಿಲ್ಲೆಯಲ್ಲಿ, ಕತ್ತಿ ಹಿಡಿದ ವೀರರ ಗದ್ದಲದ ನಡುವೆ ಇದರ ಹೆಸರು ಹೆಚ್ಚು ಕೇಳಿಬರದಿರುವುದು ಸೋಜಿಗ. ನಾನು ಶಿಫಾರಸು ಮಾಡುವುದಿದ್ದರೆ ಮೊದಲು ಇದನ್ನೇ.

ಸಂಬಂಧದ ಮಾತುಗಳಲ್ಲಂತೂ ಇಂಗ್ಲಿಷ್ ತೀರಾ ಬಡವಾಗುತ್ತದೆ. ಜಪಾನೀಯರು ಗುರುವನ್ನು, ಶಾಲೆಯ ಹಿರಿಯರನ್ನು, ಒಡಹುಟ್ಟಿದ ದೊಡ್ಡವರನ್ನು ಬರಿಯ ಹೆಸರಿನಿಂದ ಕರೆಯುವುದು ಅಪರೂಪ. 'ನರೂಟೊ'ದಲ್ಲಿ ಸಸುಕೆ ಎಂಬ ಹುಡುಗನಿಗೆ ತನ್ನ ಅಣ್ಣ ಇಟಾಚಿಯ ಮೇಲೆ ಕಡುದ್ವೇಷ. ಏಕೆಂದು ಬರೆದರೆ ಅಭಿಮಾನಿಗಳು ನನ್ನನ್ನು ಬಿಡಲಾರರು. ಚಿಕ್ಕಂದಿನಲ್ಲಿ ಆ ಹುಡುಗ ಇಟಾಚಿಯನ್ನು ಕರೆಯುತ್ತಿದ್ದದ್ದು 'ನೀಸಾನ್' ಎಂದು. ಇಂಗ್ಲಿಷ್ ಸಬ್‌ಟೈಟಲಿನಲ್ಲಿ ಅದು ಕೆಲವೊಮ್ಮೆ 'ಬ್ರದರ್', ಕೆಲವೊಮ್ಮೆ ಬರೀ 'ಇಟಾಚಿ'. ಇದೇ ಪ್ರಸಂಗವನ್ನು ಹಾಸಿಗೆಯಲ್ಲಿ ಮಲಗಿ ತನ್ನ ತಮ್ಮನಿಗೆ ಹೇಳುವ ದೊಡ್ಡಬಳ್ಳಾಪುರದ ಅಕ್ಕ ಆ ಪದಕ್ಕಾಗಿ ತಡಕಾಡುವುದಿಲ್ಲ. ಅಣ್ಣಾ ಅಂತ ಕರೀತಾನೆ ಕಣೋ, ಎಂದು ಮುಂದಕ್ಕೆ ಹೋಗುತ್ತಾಳೆ.