ಸರಕಾರೀ ನೌಕರಿಯನ್ನು ಹುಡುಕುವ ಬಗೆ

ಸರಕಾರೀ ನೌಕರಿಯು ದೊರೆಯುವ ಬಗೆಯನ್ನು ಶಿಗ್ಗಾಂವಿಯ ತಾಯಿತಂದೆಗಳೂ ಹಳೆಯ ವಿದ್ಯಾರ್ಥಿನಿಯರೂ ನಮ್ಮನ್ನು ಕೇಳುವದುಂಟು. 1951ರಲ್ಲಿ ಸ್ಥಾಪಿತವಾದ ಲೋಕಸೇವಾ ಆಯೋಗದ ಪ್ರಕಟಣೆಗಳನ್ನು ಅದರ ಜಾಲತಾಣದಲ್ಲಿ ಸ್ವತಃ ಓದತಕ್ಕದ್ದು. ಹಣ ಕೇಳುವ ದಲ್ಲಾಳಿಗಳಿಗೆ ಕಿವಿಗೊಡಬಾರದು.

ರಾಜ್ಯದ ನೇರ ನೇಮಕಾತಿಯಲ್ಲಿ ಸ್ತ್ರೀಯರಿಗೆ ನೂರಕ್ಕೆ 33, ಒಂದರಿಂದ ಹತ್ತನೆಯ ಇಯತ್ತೆಯ ವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ನೂರಕ್ಕೆ 5 ಸ್ಥಾನಗಳು ಮೀಸಲಿರುತ್ತವೆ. ಆದರೆ ಈ ಎರಡನೆಯದು ತಾನಾಗಿ ಒದಗದು. ಅರ್ಜಿಯಲ್ಲಿ ಅದನ್ನು ಕೋರಿರಬೇಕು. ಶಾಲೆಯ ಪ್ರಮಾಣಪತ್ರವು ಅರ್ಜಿಯ ಕಡೆಯ ದಿನದೊಳಗೆ ಕೈಸೇರಿರಬೇಕು. ತಡವಾಗಿ ಪಡೆದ ಪತ್ರದಿಂದ, ಚೆನ್ನಾಗಿ ಓದಿದವಳಿಗೂ ಆ ಮೀಸಲು ತಪ್ಪುವದು.

ಆದಕಾರಣ, ಮದುವೆಯಾಗಿ ಪರಊರು ಸೇರಿದವರೂ ಪ್ರಕಟಣೆಗಾಗಿ ಕಾಯದೆ, ತಾವು ಕಲಿತ ಶಾಲೆಗಳಿಂದ ಪ್ರಮಾಣಪತ್ರಗಳನ್ನು ಈಗಲೇ ಪಡೆದಿಡಲಿ. ಅರ್ಜಿಯಲ್ಲಿ ಹೆಸರು ಎಸ್.ಎಸ್.ಎಲ್.ಸಿ. ಪತ್ರದಲ್ಲಿದ್ದಂತೆಯೇ ಇರಲಿ. ಶಾಲೆಯ ಬಾಗಿಲು ನಿಮಗೆ ತೆರೆದೇ ಇರುವದು.